ತಳದ ಸಕ್ಕರೆ

ಥರ್ಮಾಮೀಟರಿನ ಮುಳ್ಳು ಏರುತ್ತಿದೆ, ಅಯ್ಯೋ ಬೇಡ, ಇಲ್ಲ ಇಲ್ಲ, ಏರಲಿ, ನೀರು ಕಲಕುವ ಮೋಟಾರನ್ನು ನಾನೇ ತಾನೆ ಈಗ ನಿಲ್ಲಿಸಿದ್ದು, ಏರಲೇಬೇಕು — ಈ ಗಾಜಿನ ಪಾತ್ರೆಯ ಮುಂದೆ ಕೂತೂ ಕೂತೂ ಬೆನ್ನು ಹಿಡಿದುಕೊಂಡಿದೆ, ಎಲ್ಲ ತಂಗಿಯ ಕೃಪೆ, ನೀರಿನಲ್ಲಿ ಲೋಹದ ಕಡ್ಡಿ ಮುಳುಗಿಸಿ ಕರೆಂಟು ಹಾಯಿಸಿದರೆ ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬರುತ್ತದಂತೆ, ಪೇಪರಿನಲ್ಲಿ ಅವಳ ಫೋಟೋ ಬೇರೆ, ಅಪ್ಪ ಅದನ್ನು ಕತ್ತರಿಸಿ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ, ನಾನು ಹಾಲು ತೆಗೆಯಲು ಹೋದಾಗಲೆಲ್ಲ ಅವಳು ನಗುತ್ತಾಳೆ. ನೀವೇ ಒಂದ್ಸಲ ಮಾಡಿ ನೋಡಿ ಮೇಡಂ, ನಿಮ್ಮಷ್ಟು ಅನುಮಾನದ ಮನುಷ್ಯರು ಇನ್ನೊಬ್ಬರಿಲ್ಲ, ಅಂದರು ಸಂಸ್ಥೆಯ ನಿರ್ದೇಶಕರು, ಹೊಗಳಿದರೋ ಬೈದರೋ, ಶಾಖ ಬರಲಿಲ್ಲವೆಂದು ನಾನು ಹೇಳಿದರೆ ಅವಳ ಲ್ಯಾಬಿಗೆ ಬೀಗ. ಮಾಡಿದೆ, ಎಷ್ಟು ಸಲ ಮಾಡಿದರೂ ಹೆಚ್ಚಿನ ಶಾಖ ಬರಲಿಲ್ಲ, ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ, ತುಂಬ ಖುಷಿಯಾಯಿತು, ಹೊಟ್ಟೆಕಿಚ್ಚಿನ ಶಾಖ ಅಳೆಯುವ ಹಾಗಿದ್ದರೆ ನನ್ನ ಫೋಟೋನೂ ಬರುತ್ತಿತ್ತು, ಆದರೆ ಅವಳಿಗೆ ಬಂದದ್ದು ಹೇಗೆ, ಸುಳ್ಳು ಹೇಳುವವಳಲ್ಲ ಅವಳು — ಆಮೇಲೆ ಇವತ್ತು ಚಹಾಕ್ಕೆ ಚಮಚ ಹಾಕುವಾಗ ಹೊಳೆಯಿತು, ಅವಳು ಕಲಕುವುದೇ ಇಲ್ಲ, ಚಿಕ್ಕಂದಿನಿಂದಲೂ ಇಲ್ಲ, ಮೇಲಿನ ಸಪ್ಪೆ ಹಾಲು ಕುಡಿದು ಮುಗಿಸಿ, ಲೋಟ ಓರೆ ಮಾಡಿ, ತಳದ ಸಕ್ಕರೆಯನ್ನು ಬೆರಳಲ್ಲಿ ಬಳಿದು, ಕಣ್ಣು ಮುಚ್ಚಿ ನೆಕ್ಕುತ್ತಿದ್ದಳು, ಅಪ್ಪ ಕೆಲಸ ಬಿಟ್ಟು ಅದನ್ನೇ ನೋಡುತ್ತಿದ್ದರು, ನನ್ನ ಲೋಟ ಚೆನ್ನಾಗಿ ಕಲಕಿದ್ದು, ಮೇಲಿಂದ ಕೆಳಗಿನವರೆಗೂ ಒಂದೇ ಸಿಹಿ, ಅದರಲ್ಲಿ ನೋಡುವಂಥದ್ದೇನಿದೆ.

ನೀರನ್ನೂ ಕಲಕಿಲ್ಲ ಅವಳು, ಬಿಸಿಯೆಲ್ಲ ಮೇಲೆ, ತಣ್ಣಗಿರುವುದು ಕೆಳಗೆ, ಥರ್ಮಾಮೀಟರು ಮೇಲೆ, ಅಷ್ಟೇ ಅವಳ ಪವಾಡ — ಮೋಟಾರು ಹಾಕಿದೆ, ನೋಡು, ಮುಳ್ಳು ಇಳಿಯುತ್ತಿದೆ, ಇಳಿ ಇಳಿ, ಫೋನು, ಅವಳೇ, ಅಕ್ಕಾ, ಶಾಖ ಬಂತಾ, ಇಲ್ಲ ಕಣೇ, ನೀರು ಕಲಕಿದ್ದೆಯಾ ನೀನು, ಇಲ್ಲ ಅಕ್ಕಾ, ಅಯ್ಯೋ, ಕಲಕಲಿಲ್ಲ, ನೀನು ಹೇಳಿದ್ಮೇಲೆ ಮುಗೀತು ಬಿಡು, ಬೇರೆ ಯಾರು ಹೇಳಿದ್ರೂ ನಾನು ನಂಬ್ತಿರಲಿಲ್ಲ. ಜಗಳವಾಡಬಾರದೇ ಇವಳು, ಗೆದ್ದ ಹಾಗಾದರೂ ಆಗುತ್ತಿತ್ತು. ಅವಳ ಹಿಂದೆ ಅಪ್ಪನ ದನಿ, ಬೆಳಿಗ್ಗೆ ಅವಳ ಮನೆಗೆ ಹೋದವರು, ಅಳಬೇಡ ಪುಟ್ಟಿ, ಏನಾಯ್ತೀಗ, ಬಾ ಇಲ್ಲಿ, ನಾನಿದ್ದೀನಲ್ಲ, ಅನ್ನುತ್ತಿದ್ದಾರೆ, ಸೋತರೂ ಅವಳೇ ಪುಟ್ಟಿ, ಫೋನು ನನ್ನ ಕೈಯಲ್ಲೇ ಇದೆ, ನನ್ನನ್ನು ಯಾರೂ ಕೇಳಲಿಲ್ಲ, ಮುಳ್ಳು ನಿಲ್ಲಬೇಕಾದಲ್ಲೇ ನಿಂತಿದೆ, ಲೋಟ ಓರೆ ಮಾಡಿ, ಬೆರಳು ತಳಕ್ಕೆ ಹಾಕಿ, ಅಪ್ಪ ನೋಡುತ್ತ, ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ಸಕ್ಕರೆ, ಅಪ್ಪ ನೋಡುತ್ತ, ಸಕ್ಕರೆ —