ಗುಮ್ಮಟ ಹತ್ತಿದ ಕೊಡೆ

ನಾನು ಒಂದು ಕೊಡೆ. ಮೂರು ಮಡಿಕೆಯಾಗಿ ಕೈಚೀಲದಲ್ಲಿ ಅಡಗುವ ಈಗಿನ ಜಾತಿಯವನಲ್ಲ. ಉದ್ದ ಕೋಲು, ಬಾಗಿದ ಮರದ ಹಿಡಿಕೆ, ಗಿಳಿಹಸಿರು ಬಟ್ಟೆ. ಹುಟ್ಟಿದ್ದು ಸೊಲ್ಲಾಪುರದ ಒಂದು ತಗಡಿನ ಶೆಡ್ಡಿನಲ್ಲಿ. ಒಬ್ಬರು ಕಡ್ಡಿ ಜೋಡಿಸಿದರು, ಇನ್ನೊಬ್ಬರು ಬಟ್ಟೆ ಹೊಲಿದರು, ಮತ್ತೊಬ್ಬರು ನನ್ನ ಬೆನ್ನ ಮೇಲೆ ಬಿಳಿ ಅಕ್ಷರಗಳಲ್ಲಿ 'ಹಾಲಮ್ಮ ಸೀರೆ ಅಂಗಡಿ, ವಿಜಯಪುರ' ಎಂದು ಅಚ್ಚೊತ್ತಿದರು. ಎಲ್ಲರಿಗೂ ಹಣೆಬರಹವಿದ್ದರೆ ನನಗೆ ಬೆನ್ನುಬರಹ.

ಆ ಅಂಗಡಿಯಲ್ಲಿ ರೇಷ್ಮೆ ಸೀರೆ ಕೊಂಡವರಿಗೆ ಕೊಡೆ ಉಚಿತ. ದಾನಮ್ಮನವರು ಮೊದಲು ನನ್ನನ್ನು ಆರಿಸಿದರು. ಆಮೇಲೆ ನನಗೆ ಹೊಂದುವ ಸೀರೆ ಹುಡುಕಿದರು. ಹೀಗೆ ನಾನು ಅವರ ಮನೆಯ ಬಾಗಿಲ ಹಿಂದಿನ ಮೊಳೆಗೆ ಬಂದು ನೇತುಬಿದ್ದೆ. ವಿಜಯಪುರದಲ್ಲಿ ಕೊಡೆಗೆ ಮಳೆಗಿಂತ ಬಿಸಿಲಿನ ಕೆಲಸವೇ ಹೆಚ್ಚು. ಉಳಿದ ಹೊತ್ತು ಮೊಳೆಯ ಮೇಲಿದ್ದು ಮನೆಯ ಮಾತು ಕೇಳುವುದು.

ಆ ಮನೆಯಲ್ಲಿ ಒಂದು ಹೆಸರು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅದು ನೀಲಗಂಗಮ್ಮನವರ ಹೆಸರು. ಅವರು ದಾನಮ್ಮನವರ ಗಂಡ ಬಸಲಿಂಗಪ್ಪನವರ ತಂಗಿ. ಇದ್ದದ್ದು ಅದೇ ಊರಲ್ಲಿ, ಎರಡು ಓಣಿ ಆಚೆ. ಹಿಂದೊಮ್ಮೆ ಬೀಗರನ್ನು ಕರೆದುಕೊಂಡು ಎಲ್ಲರೂ ಗೋಳಗುಮ್ಮಟ ನೋಡಲು ಹೋಗಿದ್ದರಂತೆ. ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ದಾನಮ್ಮನವರು ಬೀಗಿತಿಯ ಕಿವಿಯಲ್ಲಿ, "ನಮ್ಮ ನೀಲಗಂಗಾ ಮಾಡಿದ ಹೋಳಗಿ ತಿಂದ್ರ ಹಲ್ಲಿನ ಡಾಕ್ಟರ್ ಮನಿ ಉದ್ಧಾರ ಆಗ್ತೈತಿ ನೋಡ್ರಿ," ಎಂದು ಪಿಸುಗುಟ್ಟಿದರು. ಎದುರು ಬದಿಯಲ್ಲಿ ಗೋಡೆಗೆ ಕಿವಿ ಹಚ್ಚಿ ನಿಂತಿದ್ದವರು ನೀಲಗಂಗಮ್ಮ. ಗೋಳಗುಮ್ಮಟ ತನ್ನ ಕೆಲಸವನ್ನು ಚೊಕ್ಕಟವಾಗಿ ಮಾಡಿತ್ತು. ಅಂದಿನಿಂದ ಅತ್ತಿಗೆ ನಾದಿನಿಯರ ಮಾತು ಬಂದ್.

ಈಗ ನೀಲಗಂಗಮ್ಮನವರ ಮಗಳು ಪೂರ್ಣಿಮಾಳ ಮದುವೆ ಗೊತ್ತಾಗಿತ್ತು. ದಾನಮ್ಮನವರು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹಟ ಹಿಡಿದರು.

"ನೀ ಬರಲಿಲ್ಲಂದ್ರ ನಾ ಹೆಂಗ ಹೋಗ್ಲಿ? ಸೋದರಮಾವ ಒಬ್ಬನ ಬಂದು ನಿಂತ್ರ ಮಂದಿ ಏನಂತಾರ?" ಎಂದು ಬಸಲಿಂಗಪ್ಪನವರು ಗೋಗರೆದರು. ಹಟ ಜಗ್ಗಲಿಲ್ಲ. ಅವರು ಸುಮ್ಮನೆ ಎದ್ದು ಹೋಗಿ ಇಟಲಿ ಪ್ರವಾಸಕ್ಕೆ ಮೂರು ಟಿಕೆಟ್ ಮಾಡಿಸಿದರು. ಮೂರನೆಯದು ಯಾರಿಗೆಂದು ಯಾರಿಗೂ ಹೇಳಲಿಲ್ಲ. ಹೊರಡುವ ಮುಂಜಾನೆ ಅವರ ಸೊಂಟ ಹಿಡಿದುಕೊಂಡಿತು. ಹಿಂದಿನ ದಿನವಷ್ಟೇ ಅಟ್ಟದ ಮೇಲಿಂದ ದೊಡ್ಡ ಸೂಟ್‌ಕೇಸನ್ನು ಒಂದೇ ಕೈಯಲ್ಲಿ ಇಳಿಸಿದವರು ಅವರೇ. ನಾನು ಕಂಡಿದ್ದೆ. ಟಿಕೆಟ್ ಹಾಳಾಗಬಾರದೆಂದು ದಾನಮ್ಮನವರು ನನ್ನನ್ನು ಹಿಡಿದು ಒಬ್ಬರೇ ಹೊರಟರು.

ವಿಮಾನ ನಿಲ್ದಾಣದಲ್ಲಿ ನೀಲಗಂಗಮ್ಮನವರನ್ನು ಕಂಡಾಗ ದಾನಮ್ಮನವರು ನನ್ನ ಹಿಡಿಕೆಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ನನಗೆ ಉಸಿರು ಕಟ್ಟಿತು. ಹಿಂದಿರುಗುವ ಹಾಗಿರಲಿಲ್ಲ. ಪ್ರವಾಸದ ಮ್ಯಾನೇಜರ್ ಕಾಮತರು ಇಬ್ಬರಿಗೂ ಒಂದೇ ಕೋಣೆ, ಬಸ್ಸಿನಲ್ಲಿ ಒಂದೇ ಸೀಟು ಕೊಟ್ಟರು. ಅದೂ ಬಸಲಿಂಗಪ್ಪನವರ ಏರ್ಪಾಟೇ.

"ಕಾಮತರ, ಅವರಿಗೆ ಕಿಡಕಿ ಮುಚ್ಚಾಕ ಹೇಳ್ರಿ."

"ಕಾಮತರ, ನನಗ ಸೆಕಿ ಆಗ್ತೈತಿ ಅಂತ ಅವರಿಗೆ ಹೇಳ್ರಿ."

ರೋಮಿನಿಂದ ಫ್ಲಾರೆನ್ಸಿನವರೆಗೆ ಪಾಪ ಆ ಮನುಷ್ಯ ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುತ್ತಾ ಬಂದರು.

ಫ್ಲಾರೆನ್ಸಿನ ದೊಡ್ಡ ಚರ್ಚಿನ ಮುಂದೆ ಇಳಿದಾಗ ಮಳೆ ಹಿಡಿದಿತ್ತು. ನನಗೆ ಸಂಭ್ರಮ. ಬಿಚ್ಚಿಕೊಂಡು ತಲೆ ಎತ್ತಿದರೆ ಎದುರಿಗೆ ಬಿಳಿ, ಹಸಿರು, ಗುಲಾಬಿ ಕಲ್ಲಿನ ಗೋಡೆ. ಅದರ ಮೇಲೆ ಕೆಂಪು ಹೆಂಚಿನ ಒಂದು ಮಹಾ ಗುಮ್ಮಟ. ನನಗಿಂತ ದೊಡ್ಡ ಕೊಡೆಯನ್ನು ನಾನು ನೋಡಿದ್ದು ಅದೇ ಮೊದಲು. ಅದಕ್ಕೂ ನನ್ನ ಹಾಗೆಯೇ ಎಂಟು ಕಡ್ಡಿ.

"ಕೆಳಗಿನಿಂದ ಮರದ ಆಸರೆ ಕೊಡದೆ ಇದನ್ನು ಕಟ್ಟಿದ್ದಾರೆ," ಎಂದರು ಕಾಮತರು.

"ನಮ್ಮ ಗೋಳಗುಮ್ಮಟದಷ್ಟು ಗುಂಡಗಿಲ್ಲ ಬಿಡ್ರಿ," ಎಂದರು ದಾನಮ್ಮ.

ಸಾಲಿನಲ್ಲಿ ನೀಲಗಂಗಮ್ಮನವರು ಕೊಡೆಯಿಲ್ಲದೆ ನಿಂತಿದ್ದರು. ನಮಗೆ ಕೊಡೆಗಳಿಗೆ ಮನುಷ್ಯರ ಮುಖ ಕಾಣುವುದು ಕಡಿಮೆ, ಕಾಣುವುದು ನೆತ್ತಿ. ಬಣ್ಣ ಹಚ್ಚಿದ ಕೂದಲಿನಿಂದ ಕಪ್ಪು ನೀರು ಅವರ ಹಣೆಗೆ ಇಳಿಯತೊಡಗಿತ್ತು. ದಾನಮ್ಮನವರ ಕೈ ಮೆಲ್ಲಗೆ ಆ ಕಡೆ ವಾಲಿತು.

"ಏನ್ ಗಾಳಿರೀ ಕಾಮತರ, ಕೊಡಿ ನಿಲ್ಲವಲ್ದು," ಎಂದರು. ಗಾಳಿ ಎಳ್ಳಷ್ಟೂ ಇರಲಿಲ್ಲ.

ಬಾಗಿಲಲ್ಲಿ ಕಾವಲುಗಾರ ನನ್ನನ್ನು ತಡೆದ. ಮೇಲೆ ಕೊಡೆ ಒಯ್ಯುವಂತಿಲ್ಲವಂತೆ. ದಾನಮ್ಮನವರು ಆ ಕ್ಷಣದಿಂದ ಕುಂಟತೊಡಗಿದರು. ಇಷ್ಟು ಕುಂಟುವವರು ಗುಮ್ಮಟ ಹೇಗೆ ಹತ್ತುತ್ತೀರಿ ಎಂದು ಅವನು ಕೇಳಿದನಂತೆ. "ಕೋಲಿದ್ರ ಹತ್ತತೀನಿ ಅಂತ ಹೇಳ್ರಿ," ಎಂದರು. ಅವನು ಕೈಮುಗಿಯುವುದೊಂದು ಬಾಕಿ. ನಾನು ಕೋಲಾಗಿ ಒಳಗೆ ಹೋದೆ.

ಸುತ್ತು ಮೆಟ್ಟಿಲು ಹತ್ತಿ ಹತ್ತಿ ಗುಮ್ಮಟದ ಬುಡದ ಮೊಗಸಾಲೆಗೆ ಬಂದೆವು. ನೆತ್ತಿಯ ಮೇಲೆ ಸ್ವರ್ಗ ನರಕಗಳ ಚಿತ್ರ. ದೆವ್ವಗಳು ಪಾಪಿಗಳನ್ನು ಹಿಡಿದು ಹುರಿಯುತ್ತಿದ್ದವು. ದಾನಮ್ಮನವರಿಗೆ ಅದರ ಮೇಲೆ ಕಣ್ಣಿಲ್ಲ. ಅವರು ಗಂಟಲು ಸರಿಮಾಡಿಕೊಂಡು, "ಕೂಊಊ!" ಎಂದು ಕೂಗಿದರು.

ಗುಮ್ಮಟ ಮರಳಿ ಕೂಗಲಿಲ್ಲ. ಕಾವಲಿನ ಹೆಂಗಸೊಬ್ಬಳು ಓಡಿಬಂದು, "ಸಿಲೆಂತ್ಸಿಯೋ!" ಎಂದು ಗದರಿದಳು.

"ನೋಡ್ರಿ, ಗುಮ್ಮಟಕ್ಕ ಬಾಯಿಲ್ಲ, ಕಾಯಾವರಿಗಿ ಐತಿ," ಎಂದರು ದಾನಮ್ಮ. ನೀಲಗಂಗಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು.

ಅಲ್ಲಿಂದ ಮೇಲಿನ ದಾರಿ ಗುಮ್ಮಟದ ಎರಡು ಪದರಗಳ ನಡುವೆ ಹೋಗುತ್ತದೆ. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಜಾಗ. ಮೇಲೇರಿದಷ್ಟೂ ಗೋಡೆ ಮೈಮೇಲೆ ಬಾಗುತ್ತದೆ. ನಡುದಾರಿಯಲ್ಲಿ ನೀಲಗಂಗಮ್ಮ ನಿಂತುಬಿಟ್ಟರು. ಎರಡೂ ಕೈ ಗೋಡೆಗೆ ಒತ್ತಿ ಕಣ್ಣು ಮುಚ್ಚಿಕೊಂಡರು. ಹಿಂದೆ ಜನ ಜಮಾಯಿಸಿದರು. ಮುಂದಿದ್ದ ದಾನಮ್ಮ ತಿರುಗಿ ನೋಡಿ, "ಕಾಮತರ!" ಎಂದರು. ಕಾಮತರು ಆಗಲೇ ತುದಿ ತಲುಪಿದ್ದರು. ಅನುವಾದಕ್ಕೆ ಯಾರೂ ಇರಲಿಲ್ಲ.

ದಾನಮ್ಮನವರು ನನ್ನನ್ನು ತಿರುಗಿಸಿ ಹಿಡಿಕೆಯನ್ನು ಕೆಳಗೆ ಚಾಚಿದರು. "ಹಿಡಿ."

"ನನ್ನ ಕೈಲೆ ಆಗೂದಿಲ್ಲ. ಗ್ವಾಡಿ ಮೈಮ್ಯಾಲ ಬರಾಕತ್ತೈತಿ."

"ಎಲ್ಲಿ ಬರ್ತೈತಿ? ಆರ್ನೂರು ವರ್ಷದಿಂದ ಹಿಂಗ ನಿಂತೈತಿ. ನೀ ಬರೂದನ್ನ ಕಾಯ್ಕೋತ ನಿಂತಿತ್ತೇನು, ಬೀಳಾಕ?"

"ನನಗೇನರ ಆದ್ರ ಪೂರ್ಣಿಮಾನ ಮದುವಿ..."

"ಮದುವಿ ಮನಿ ಇಟ್ಕೊಂಡು ಅಂಥಾ ಮಾತು ಆಡಬ್ಯಾಡ. ಹಿಡಿ ಅಂದ್ನಲ್ಲ!"

ನೀಲಗಂಗಮ್ಮ ಕಣ್ಣು ಮುಚ್ಚಿಯೇ ತಡಕಾಡಿ ಹಿಡಿಕೆ ಹಿಡಿದರು. "ಬಿಡಬ್ಯಾಡ್ರಿ, ವೈನಿ."

ಅತ್ತಿಗೆಯನ್ನು ಕರೆಯುವ ಆ 'ವೈನಿ' ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ದಾನಮ್ಮನವರ ಕೈ ಒಂದು ಗಳಿಗೆ ಸಡಿಲಾಗಿ ಮತ್ತೆ ಬಿಗಿಯಾಯಿತು. "ಬಿಡೂದಿಲ್ಲ, ಬಾ," ಎಂದರು. ಕುಂಟುವುದನ್ನು ಅವರು ಪೂರ್ತಿ ಮರೆತಿದ್ದರು. ಮೇಲಿನಿಂದ ಅವರು ಎಳೆದರು, ಕೆಳಗಿನಿಂದ ಇವರು ಜೋತುಬಿದ್ದರು. ನನ್ನ ಒಂದು ಕಡ್ಡಿ ಲಟಕ್ಕೆಂದಿತು. ಯಾರೂ ಕೇಳಿಸಿಕೊಳ್ಳಲಿಲ್ಲ.

ತುದಿಯಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು. ಕೆಳಗೆ ಊರಿಗೆ ಊರೇ ಕೆಂಪು ಹೆಂಚು ಹೊದ್ದು ಕೂತಿತ್ತು. ನೀಲಗಂಗಮ್ಮ ಸುಧಾರಿಸಿಕೊಂಡು ಕೇಳಿದರು:

"ಅವತ್ತ ನೀವು ಅಂದದ್ದು ಖರೇ ಏನ್ರಿ ವೈನಿ? ಹೋಳಗಿ ಗಟ್ಟಿ ಆಗಿದ್ವು?"

ದಾನಮ್ಮ ಸೆರಗಿನಿಂದ ನನ್ನ ಹಿಡಿಕೆ ಒರೆಸಿದರು. "ಖರೇ. ಗಟ್ಟಿ ಆಗಿದ್ವು." ಆಮೇಲೆ ದನಿ ತಗ್ಗಿಸಿ, "ಆದ್ರ ನಾ ನಾಕು ತಿಂದಿದ್ದೆ. ನಿನ್ನ ಬಿಟ್ರ ನನಗ ಅಷ್ಟು ಒತ್ತಾಯ ಮಾಡಿ ಬಡಿಸಾವರು ಯಾರು ಅದಾರ?" ಎಂದರು.

ನೀಲಗಂಗಮ್ಮ ನಕ್ಕರು, ಅತ್ತರು, ಮತ್ತೆ ನಕ್ಕರು. ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದು ಅಲ್ಲೇ, ಗುಮ್ಮಟದ ನೆತ್ತಿಯ ಮೇಲೆ, ಅತ್ತಿಗೆಯ ಹಣೆಗೆ ಹಚ್ಚಿ, "ಪೂರ್ಣಿಮಾನ ಮದುವಿಗೆ ಬರಬೇಕ್ರಿ," ಎಂದು ಕರೆದರು. ಪಕ್ಕದಲ್ಲಿದ್ದ ಅಮೆರಿಕದ ಹೆಂಗಸೊಬ್ಬಳು ಇದು ಇಲ್ಲಿಯ ಪದ್ಧತಿ ಎಂದುಕೊಂಡು ಹಣೆ ಒಡ್ಡಿದಳು. ಅವಳಿಗೂ ಹಚ್ಚಿದರು. ಅವಳ ಹಿಂದೆ ಸಾಲು ಬೆಳೆಯಿತು.

"ಎಲ್ಲಾರನ್ನೂ ಮದುವಿಗೆ ಕರದೀನಿ ಅಂತ ಹೇಳ್ರಿ ಕಾಮತರ," ಎಂದರು ನೀಲಗಂಗಮ್ಮ. ಕಾಮತರು ಕೊನೆಗೂ ಬೇರೆ ಭಾಷೆಗೆ ಅನುವಾದ ಮಾಡಿದರು.

ಕೆಳಗಿಳಿದು ಓಣಿಯ ಕಾಫಿ ಅಂಗಡಿಯಲ್ಲಿ ಕೂತರು. ನನ್ನನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿದರು. ಸೀರೆಗಳು, ಚಪ್ಪರ, ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು: ಇಷ್ಟು ವರ್ಷದ ಮಾತು ಕಟ್ಟೆ ಒಡೆದು ಹರಿಯಿತು. ಬಸ್ಸಿನ ಹೊತ್ತಾಯಿತೆಂದು ಕಾಮತರು ಅವಸರ ಮಾಡಿದಾಗ ಮಾತಾಡುತ್ತಲೇ ಎದ್ದರು, ಮಾತಾಡುತ್ತಲೇ ಹೋದರು. ತಿರುವಿನಲ್ಲಿ ಮರೆಯಾದ ಮೇಲೂ ದಾನಮ್ಮನವರ ದನಿ ಸ್ವಲ್ಪ ಹೊತ್ತು ಕೇಳುತ್ತಿತ್ತು. ನಾನು ಕುರ್ಚಿಯ ಮೇಲೇ ಉಳಿದೆ.

ಅಂಗಡಿಯ ಮುದುಕಿ ಅಸುಂತಾ ನನ್ನನ್ನು ಎತ್ತಿಟ್ಟುಕೊಂಡಳು. ಎಷ್ಟೋ ಮಳೆಗಾಲ ಅವಳಿಗೂ ಅವಳ ಗಿಡ್ಡ ನಾಯಿಗೂ ನೆರಳಾದೆ. ನನ್ನ ಬೆನ್ನಿನ ಬರಹವನ್ನು ಅವಳು ಬಳ್ಳಿ ಹೂವಿನ ಚಿತ್ತಾರ ಎಂದೇ ತಿಳಿದಿದ್ದಳು. ಈಗ ಬಟ್ಟೆ ಹರಿದು, ಕಡ್ಡಿಗಳು ಸಡಿಲಾಗಿ, ಅಡುಗೆಮನೆಯ ಹಿಂದಿನ ಒಂದು ಡಬ್ಬದಲ್ಲಿ ನಿಂತಿದ್ದೇನೆ. ಜೊತೆಗೆ ಬೇರೆ ಬೇರೆ ದೇಶದ ಕೊಡೆಗಳೂ ಇವೆ. ಎಲ್ಲವೂ ಯಾರೋ ಮರೆತುಹೋದವೇ. ಕೆಲಸವಿಲ್ಲದ ಒಣ ದಿನಗಳಲ್ಲಿ ಹಳೆಯ ಒಡೆಯರನ್ನು ಬೈಯುವುದೇ ನಮ್ಮ ಹೊತ್ತುಗಳೆಯುವಿಕೆ. ಒಬ್ಬನ ಒಡೆಯ ಕುಡಿದು ಮರೆತನಂತೆ, ಇನ್ನೊಬ್ಬನದು ರೈಲಿನ ಗಡಿಬಿಡಿ.

"ನಿನ್ನನ್ನು ಯಾಕೆ ಮರೆತರು?" ಎಂದು ಕೇಳುತ್ತವೆ.

"ಇಬ್ಬರು ಹೆಂಗಸರು ಮದುವೆಯ ಮಾತಿನಲ್ಲಿ ಮೈಮರೆತಿದ್ದರು," ಎನ್ನುತ್ತೇನೆ.

ಆಗ ಡಬ್ಬದಲ್ಲಿ ಯಾರೂ ಬೈಯುವುದಿಲ್ಲ.