ನಾಲ್ಕು ಪದದ ಸಾಲು

ನಿಂಗಪ್ಪ ಮತ್ತೊಮ್ಮೆ ‘ಹೂಂ’ ಎಂದುಬಿಟ್ಟ.

ಅನ್ನಬೇಕೆಂದಿದ್ದದ್ದು ಅದಲ್ಲ. ಆದರೆ ಪಾರ್ಶ್ವವಾಯು ಹೊಡೆದ ಮೇಲೆ ಕರೆಯದೆಯೇ ಅವನ ಬಾಯಿಗೆ ಬರುವುದು ಅದೊಂದೇ ಮಾತು. ಊಟ ಆಯಿತೇ ಎಂದರೂ ಹೂಂ, ಆಗಲಿಲ್ಲವೇ ಎಂದರೂ ಹೂಂ. ತಲೆಯೊಳಗೆ ಎಲ್ಲವೂ ನೆಟ್ಟಗಿತ್ತು. ಹಾಳು ನಾಲಿಗೆಯೇ ಕೈಕೊಟ್ಟಿತ್ತು.

“ನೋಡ್ರಿ, ಮಾವಾರೂ ಹೂಂ ಅಂದ್ರು,” ಎಂದು ಬಸಲಿಂಗ ಎದ್ದು ನಿಂತ. ಅವನು ನಿಂಗಪ್ಪನ ತೀರಿಕೊಂಡ ಹೆಂಡತಿ ಶಿವಗಂಗಾಳ ತಮ್ಮ. ಹುನಗುಂದದ ಕಡೆಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದ, ಅತ್ತೂ ಅತ್ತೂ ಕಣ್ಣು ಕೆಂಪಾಗಿದ್ದವು. “ಅಕ್ಕನ್ನ ಊರಿಗೇ ಒಯ್ಯೂಣು. ನಮ್ಮ ಹೊಲದಾಗ ಅಪ್ಪ-ಅವ್ವನ ಮಗ್ಗಲಕ್ಕ ಕುಣಿ ತಗಸಾಕ ಹೇಳೇನಿ. ಈ ಹೈವೇ ದಂಡಿ ಮಾಕಳ್ಯಾಗ, ಲಾರಿ ಧೂಳಿನಾಗ, ಆಕಿಗೆ ಯಾರು ಅದಾರ?”

ನಾನಿದ್ದೀನಲ್ಲೋ! ನಿಂಗಪ್ಪನ ಒಳಗೆಲ್ಲ ಕೂಗಿತು. ಹೊರಗೆ ಬಂದದ್ದು ಮಾತ್ರ “ಹೂಂ.”

ಎದುರಿಗೆ, ಗೋಡೆಗೆ ಒರಗಿಸಿ ಶಿವಗಂಗಾಳನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಸೇವಂತಿಗೆ. ನಿನ್ನೆ ಬೆಳಗ್ಗೆ ಎದುರಿಗೆ ಕೂತು ನಗುತ್ತಿದ್ದವಳು, ಮಧ್ಯಾಹ್ನ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದಿದ್ದಳು.

ಮಗಳು ಸ್ಫೂರ್ತಿ ಬಂದು ಅಪ್ಪನ ಮೊಣಕಾಲ ಬಳಿ ಕುಕ್ಕರಿಸಿದಳು. “ಅಪ್ಪಾ, ಸರಿಯಾಗಿ ಕೇಳಿಸ್ಕೊ. ಊರಿಗೆ ಬೇಡ, ಇಲ್ಲೇ ಮಾಡೋಣ್ವಾ?”

“ಹೂಂ.”

“ಮಾಮಾ ಹೇಳ್ದಂಗೆ ಊರಿಗೇ ತಗೊಂಡೋಗೋಣ್ವಾ?”

“ಹೂಂ.”

“ಎರಡಕ್ಕೂ ಹೂಂ ಅಂದ್ರೆ ನಾನೇನಪ್ಪಾ ಮಾಡ್ಲಿ?” ಅವಳು ಅತ್ತುಬಿಟ್ಟಳು.

ಪಕ್ಕದ ಮನೆಯ ಲಕ್ಷ್ಮಣಪ್ಪ ಬಾಗಿಲಲ್ಲೇ ನಿಂತಿದ್ದರು. “ನೀರಿನ ಟ್ಯಾಂಕ್ ಹಿಂದ್ಗಡೆನೇ ರುದ್ರಭೂಮಿ ಐತೆ ಕಣಮ್ಮಾ. ಇಲ್ಲೇ ಅನ್ನೋದಾದ್ರೆ ಹೇಳು, ಗುಂಡಿ ತೆಗಿಸ್ತೀನಿ.” ಹೊರಗೆ ಆಂಬುಲೆನ್ಸ್ ಡ್ರೈವರ್ ಹಾರ್ನ್ ಹೊಡೆದ. “ಮೇಡಂ, ಟೋಲ್ ಹತ್ರ ಜಾಮ್ ಆಗೋದ್ರೊಳಗೆ ಬಿಟ್ಬಿಡಣ. ದೂರದ ದಾರಿ.”

ಊರಿಗೆ ಹೋದರೆ ಹೋದಳು. ಮತ್ತೆ ನಿಂಗಪ್ಪನಿಗೆ ಸಿಗುವುದಿಲ್ಲ. ಟ್ಯಾಂಕಿನ ಹಿಂದೆಯಾದರೆ ಬಲಗಾಲು ಎಳೆದುಕೊಂಡಾದರೂ, ಮನಸ್ಸಾದಾಗ ಹೋಗಿ ಅವಳ ಹತ್ತಿರ ಕೂರಬಹುದು. ಹುನಗುಂದವಾದರೆ ಪ್ರತಿ ಸಲವೂ ಯಾರಾದರೂ ಕರೆದೊಯ್ಯಬೇಕು. ಕರೆದುಕೊಂಡು ಹೋಗಿ ಎಂದು ಕೇಳುವುದಾದರೂ ಯಾವ ಬಾಯಲ್ಲಿ? ಅವನು ಕುರ್ಚಿಯಿಂದ ಏಳಲು ಹೋಗಿ ಮತ್ತೆ ಕುಸಿದ. ಬಸಲಿಂಗನ ಹೆಂಡತಿ ಶರಣಮ್ಮ, “ಪಾಪ, ಏನೂ ತಿಳಿಯವಲ್ದು ಅವರಿಗೆ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಿಳಿಯುವುದಿಲ್ಲವಂತೆ! ಹಲ್ಲು ಕಡಿದ ನಿಂಗಪ್ಪ, ಟೀವಿಯ ಕಡೆ ನೋಡಿದ.

*

ಪೀಣ್ಯದ ಕಾರ್ಖಾನೆಯ ಟೂಲ್ ರೂಮಿನಲ್ಲಿ ಅವನು ಪಾರ್ಶ್ವವಾಯು ಹೊಡೆದು ಬಿದ್ದಾಗ, ಆಸ್ಪತ್ರೆಯವರು ಬದುಕಿಸಿ ಮನೆಗೆ ಕಳಿಸಿದ್ದರು. ಮಾತು ಕಲಿಸುವ ಮೇಡಂ ಒಬ್ಬರು ವಾಕ್ಯ ಬರೆದ ಕಾರ್ಡುಗಳನ್ನು ಕೊಟ್ಟರು. ಕಾರ್ಡು ನೋಡಿದರೆ ಸಾಕು, ನಿಂಗಪ್ಪನ ಕಣ್ಣು ಎಲ್ಲ ಪದಗಳ ಮೇಲೂ ಒಟ್ಟಿಗೆ ಬೀಳುತ್ತಿತ್ತು. ಯಾವುದನ್ನು ಮೊದಲು ಹಿಡಿಯಬೇಕೋ ತೋಚದೆ ಕಾರ್ಡು ಬಿಸಾಡುತ್ತಿದ್ದ.

“ಎಂಟನೇ ಮೈಲಿ ಬಸ್ ಸ್ಟಾಪಿನ ಹಂಗ ಆಗೇತಿ ನಿಮ್ಮ ಬಾಯಿ,” ಎಂದಳು ಶಿವಗಂಗಾ. “ಎಲ್ಲಾರೂ ಒಮ್ಮೆಲೇ ಬಾಗ್ಲಿಗೆ ಬಂದ್ರ ಯಾರು ಇಳೀತಾರ? ಒಬ್ಬೊಬ್ಬರನ್ನೇ ಇಳಸೂಣು ತಡೀರಿ.”

ಯಶವಂತಪುರದ ಒಂದು ಕಚೇರಿಯಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದು ಅವಳ ಕೆಲಸ. ಗಣಿತದ ಪುಸ್ತಕಗಳು, ಪ್ರೊಫೆಸರುಗಳ ಪಾಠದ ಸ್ಲೈಡುಗಳು. ಆ ಸ್ಲೈಡುಗಳಲ್ಲಿ ಪುಟವೆಲ್ಲ ಮಂಕು ಬೂದಿ ಬಣ್ಣದಲ್ಲಿರುತ್ತದೆ. ಬಟನ್ ಒತ್ತಿದ ಹಾಗೆಲ್ಲ, ಆಗ ಹೇಳಬೇಕಾದ ಸಾಲೊಂದೇ ಕಪ್ಪಾಗುತ್ತದೆ. ಯಾವುದು ಎಷ್ಟನೇ ಸಲಕ್ಕೆ ಕಪ್ಪಾಗಬೇಕೆಂದು ಪದದ ಪಕ್ಕದಲ್ಲೇ ಅಂಕಿ ಬರೆದಿಟ್ಟರೆ ಆಯಿತು, ಮಿಕ್ಕದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ಪ್ರೊಫೆಸರುಗಳಿಗೆ ಮಾಡಿಕೊಟ್ಟಿದ್ದನ್ನೇ ಅವಳು ಗಂಡನಿಗೂ ಮಾಡಿದಳು. ಲ್ಯಾಪ್‌ಟಾಪಿಗೆ ಟೀವಿ ಜೋಡಿಸಿ, ಪುಟ್ಟ ರಿಮೋಟನ್ನು ಅವನ ಎಡಗೈಗೆ ಕೊಟ್ಟಳು.

*ಶಿವಗಂಗಾ ಚಹಾ ಇಲ್ಲೇ ಕೊಡು.*

ಒತ್ತಿದರೆ ‘ಶಿವಗಂಗಾ’ ಕಪ್ಪಾಗುತ್ತಿತ್ತು. ಇನ್ನೊಮ್ಮೆ ಒತ್ತಿದರೆ ಅದು ಮಂಕಾಗಿ ‘ಚಹಾ’ ಕಪ್ಪು. ಒಂದು ಪದವನ್ನಷ್ಟೇ ನೋಡಿದರೆ ಸಾಕಿತ್ತು, ನಾಲಿಗೆ ಅದನ್ನು ಹಿಡಿದುಕೊಂಡು ಈಚೆ ಬರುತ್ತಿತ್ತು. ಮೊದಲ ದಿನ ಅಂಕಿಗಳು ತಿರುವುಮುರುವಾಗಿ ‘ಕೊಡು’ ಮೊದಲಿಗೇ ಕಪ್ಪಾಗಿಬಿಟ್ಟಿತ್ತು. ಅವನು ನಿಷ್ಠೆಯಿಂದ, “ಕೊಡು... ಇಲ್ಲೇ... ಚಹಾ,” ಎಂದ. ಶಿವಗಂಗಾ ನಕ್ಕೂ ನಕ್ಕೂ ಸುಸ್ತಾಗಿ, “ಏನ್ರೀ ಸಾಹೇಬ್ರ, ಹುಕುಂ ಮಾಡಾಕ ಹತ್ತೀರಿ!” ಎಂದಿದ್ದಳು.

ನಾಲ್ಕನೆಯ ಪದ ಮುಗಿಯುವವರೆಗೂ ಚಹಾ ಇಲ್ಲ. ಮುಗಿದ ಮೇಲೆ ಅವನು ಎಡಗೈ ಚಾಚುತ್ತಿದ್ದ. ಅವನ ಬೆರಳುಗಳು ಲೋಟವನ್ನು ಭದ್ರವಾಗಿ ಹಿಡಿಯುವ ತನಕ ಅವಳು ಅದನ್ನು ಬಿಡುತ್ತಿರಲಿಲ್ಲ.

*

ನಿಂಗಪ್ಪ ಕುರ್ಚಿಯ ತೋಳು ಹಿಡಿದು ಎದ್ದೇಬಿಟ್ಟ. ಕಾಲೆಳೆಯುತ್ತ ಹೋಗಿ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದ. “ಅಪ್ಪಾ, ಈಗ ಇದೆಲ್ಲ ಯಾಕೆ?” ಎಂದು ಸ್ಫೂರ್ತಿ ಓಡಿ ಬರುವಷ್ಟರಲ್ಲಿ ಟೀವಿಯಲ್ಲಿ ಸಾಲು ಮೂಡಿತ್ತು. ನಿನ್ನೆ ಬೆಳಗ್ಗೆ ಆಡಿ ಮುಗಿಸಿ ಮತ್ತೆ ಮೊದಲಿಗೆ ತಂದಿಟ್ಟಿದ್ದ ಹಾಗೇ ಇತ್ತು, ನಾಲ್ಕೂ ಪದ ಮಂಕಾಗಿ.

ರಿಮೋಟ್ ಒತ್ತಿದ.

“ಶಿವ... ಗಂಗಾ.”

ಮನೆಯಲ್ಲಿದ್ದವರೆಲ್ಲ ಹೋ ಎಂದು ಅತ್ತರು. ಬಸಲಿಂಗ ಬಂದು ಮಾವನನ್ನು ತಬ್ಬಿಕೊಂಡ. “ಕರೀರಿ ಮಾವಾರ, ಕರದು ಕರದು ಅತ್ತಬಿಡ್ರಿ.” ಅಳುವುದಲ್ಲವೋ ಮಾರಾಯ! ಅವನನ್ನು ಮೊಣಕೈಯಿಂದ ತಳ್ಳಿ ನಿಂಗಪ್ಪ ಮತ್ತೆ ಒತ್ತಿದ. ಬೇಡವೆಂದರೂ ನಾಲಿಗೆ ಹೊರಳಿಬಿಟ್ಟಿತು.

“ಚಹಾ.”

ಶರಣಮ್ಮನ ಮುಖ ಗಂಟಾಯಿತು. “ಹೇಣ್ತಿ ಹಿಂಗ ಕುಂತಿರೂ ಹೊತ್ತಿನಾಗ ಚಹಾ ಬೇಕಾತೇನು? ಒಲಿನೂ ಹಚ್ಚಂಗಿಲ್ಲ ಇವತ್ತ.”

“ಅಯ್ಯೋ, ಅವ್ರಿಗೇನು ಗೊತ್ತಾಯ್ತದೆ ಬಿಡಕ್ಕಾ,” ಎಂದರು ಲಕ್ಷ್ಮಣಪ್ಪ. “ನಮ್ಮನೆಯಿಂದ ಫ್ಲಾಸ್ಕಲ್ಲಿ ತರ್ತೀನಿ.”

ನಿಂಗಪ್ಪನ ಹಣೆಯಲ್ಲಿ ಬೆವರು ಒಡೆಯಿತು. ಒತ್ತಿದ. “ಇಲ್ಲೇ.”

“ಇಲ್ಲೇ ತರ್ತೀನಿ ಸಾರ್, ಕೂತ್ಕಳಿ.”

ಹೊರಗೆ ಮತ್ತೆ ಹಾರ್ನ್. ಆಂಬುಲೆನ್ಸಿನ ಹುಡುಗರು ಸ್ಟ್ರೆಚರ್ ಒಳಗೆ ತಂದರು. ಇನ್ನೇನು ಎತ್ತಿಬಿಡುತ್ತಾರೆ. ನಿಂಗಪ್ಪನಿಗೆ ಮೈಯೆಲ್ಲ ಉರಿ. ರಿಮೋಟಿನ ಹಿಂದಕ್ಕೆ ಹೋಗುವ ಬಟನ್ ಒತ್ತಿದ, ಎರಡು ಸಲ. ‘ಶಿವಗಂಗಾ’ ಮತ್ತೆ ಕಪ್ಪಾಯಿತು.

“ಶಿವಗಂಗಾ,” ಎಂದ.

ಮುಂದೆ ‘ಚಹಾ’ ಇತ್ತು. ದಿನವೂ ಬೆಳಗ್ಗೆ ಆಡಿ ಆಡಿ ನಾಲಿಗೆಗೆ ಅಂಟಿಹೋದ ಪದ. ನಿಂಗಪ್ಪ ತುಟಿಯನ್ನು ಹಲ್ಲಿನ ಕೆಳಗೆ ಕಚ್ಚಿ ಹಿಡಿದ. ಒತ್ತಿದ. ‘ಚಹಾ’ ಕಪ್ಪಾಯಿತು, ಗಂಟಲಿನ ತನಕ ಬಂತು. ಕಣ್ಣು ಮುಚ್ಚಿ ಅದನ್ನು ನುಂಗಿದ. ಮತ್ತೆ ಒತ್ತಿ ಕಣ್ಣು ತೆರೆದ.

“ಇಲ್ಲೇ.”

ಹುಡುಗರು ಶಿವಗಂಗಾಳನ್ನು ಸ್ಟ್ರೆಚರಿನಲ್ಲಿ ಎತ್ತಿಕೊಂಡರು. ಅವನು ಮತ್ತೆ ಹಿಂದಕ್ಕೆ ಹೋದ. “ಶಿವಗಂಗಾ.” ತುಟಿ ಕಚ್ಚಿದ, ದಾಟಿದ. “ಇಲ್ಲೇ.” ಕಚ್ಚಿದ ತುಟಿಯಿಂದ ರಕ್ತ ಜಿನುಗಿತು.

“ಇಳಿಸಿ!” ಎಂದು ಸ್ಫೂರ್ತಿ ಚೀರಿದಳು. “ಮಾಮಾ, ಸ್ಟ್ರೆಚರ್ ಕೆಳಗಿಡ್ಸು. ಅಪ್ಪ ಟೀ ಕೇಳ್ತಿಲ್ಲ. ಅವ್ವ ಇಲ್ಲೇ ಅಂತಿದಾರೆ. ಅವ್ವನ್ನ ಇಲ್ಲೇ ಇಡಿ ಅಂತಿದಾರೆ!”

ಬಸಲಿಂಗ ಟೀವಿ ನೋಡಿದ, ಅಕ್ಕನ ಮುಖ ನೋಡಿದ, ಕಡೆಗೆ ಮಾವನ ತುಟಿ ನೋಡಿದ. “ಖರೇನ ಮಾವಾರ?”

“ಹೂಂ,” ಎಂದ ನಿಂಗಪ್ಪ.

ಬಸಲಿಂಗ ಅಕ್ಕನ ಕೊರಳಿನ ಸೇವಂತಿಗೆ ಸರಿಪಡಿಸಿದ. ಆಮೇಲೆ ಮೊಬೈಲ್ ತೆಗೆದು ಊರಿಗೆ ಹಚ್ಚಿದ. “ಆ ಕುಣಿ ಮುಚ್ಚಿಬಿಡ್ರಪಾ,” ಎಂದ.

*

ಟ್ಯಾಂಕಿನ ಹಿಂದಿನ ಕೆಂಪು ಮಣ್ಣಿನಲ್ಲಿ ಶಿವಗಂಗಾಳನ್ನು ಕೂರಿಸಿದರು. ಗುಂಡಿಗೆ ಇಳಿದು ಅಕ್ಕನನ್ನು ತೋಳಲ್ಲಿ ಹಿಡಿದುಕೊಂಡವನು ಬಸಲಿಂಗನೇ. ಅಯ್ಯನವರು ಮಂತ್ರ ಹೇಳಿದರು. ವಿಭೂತಿ, ಬಿಲ್ವಪತ್ರೆ, ಮೇಲೆ ಮಣ್ಣು ಬಿತ್ತು. ನಿಂಗಪ್ಪನೂ ಎಡಗೈಯಲ್ಲಿ ಒಂದು ಹಿಡಿ ಹಾಕಿದ.

ಮನೆಗೆ ಬಂದು ಎಲ್ಲರೂ ಸ್ನಾನ ಮಾಡಿದರು. ಸಂಜೆಯ ಹೊತ್ತಿಗೆ ದಣಿದವರು ಅಲ್ಲಲ್ಲೇ ಒರಗಿ ಕಣ್ಣು ಮುಚ್ಚಿದ್ದರು. ನಿಂಗಪ್ಪನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ರಿಮೋಟನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಬಳಿಯ ಚಪ್ಪಲಿಗೆ ಕಾಲು ತೂರಿಸಿದ. ಯಾರನ್ನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಗೋಡೆ ಹಿಡಿದು, ಕಾಂಪೌಂಡು ಹಿಡಿದು, ನಿಂತ ಟೆಂಪೊಗಳನ್ನು ಹಿಡಿದು, ಕಾಲೆಳೆಯುತ್ತ ಟ್ಯಾಂಕಿನ ಹಿಂದೆ ಬಂದ. ಹಸಿ ಮಣ್ಣಿನ ಪಕ್ಕ ಉಸ್ಸಪ್ಪಾ ಎಂದು ಕೂತ.

ಜೇಬಿನಿಂದ ರಿಮೋಟ್ ತೆಗೆದ. ಎದುರಿಗೆ ಟೀವಿಯಿಲ್ಲ, ಅಕ್ಷರವಿಲ್ಲ, ಬಾಡಿದ ಸೇವಂತಿಗೆ ಮಾತ್ರ. ಆದರೂ ಹೆಬ್ಬೆರಳು ಒತ್ತಿತು.

“ಶಿವಗಂಗಾ.”

ಒತ್ತಿತು. “ಚಹಾ.”

ಒತ್ತಿತು. “ಇಲ್ಲೇ.”

ಒತ್ತಿತು. “ಕೊಡು.”

ರಿಮೋಟನ್ನು ಮಡಿಲಲ್ಲಿಟ್ಟು, ನಿಂಗಪ್ಪ ಎಡಗೈಯನ್ನು ಮುಂದಕ್ಕೆ ಚಾಚಿದ.