ಹನ್ನೊಂದನೇ ಕಲ್ಲು

ನಾನು ಮಾಡೋ ಕೆಲಸಕ್ಕೆ ನಮ್ಮ ಮನೇಲಿ ಇನ್ನೂ ಹೆಸರು ಸಿಕ್ಕಿಲ್ಲ. ಮೇಷ್ಟ್ರಾ ಅಂದ್ರೆ ಅಲ್ಲ. ಆಯಾನಾ ಅಂದ್ರೆ ಮೀಸೆ ಅಡ್ಡ ಬರುತ್ತೆ. ಪ್ರೈಮರಿ ಸ್ಕೂಲಲ್ಲಿ ಟೀಚರಿಗೆ ಸಹಾಯಕ ಅಂತ ಕಾಗದದಲ್ಲೇನೋ ಇದೆ, ಆದ್ರೆ ನಿಜಕ್ಕೂ ನಾನು ಮಾಡೋದು ಎರಡನೇ ಕ್ಲಾಸಿನ ಒಬ್ಬ ಹುಡುಗನ ಪಕ್ಕ ಕುರ್ಚಿ ಹಾಕ್ಕೊಂಡು ಕೂರೋದು. "ಕೂರೋದಕ್ಕೂ ಸಂಬಳ ಕೊಡ್ತಾರೇನೋ?" ಅಂತ ಭಾವ ಕೇಳಿದ್ರು. ಭಾವ ಬಸ್ ಡ್ರೈವರ್. ದಿನವಿಡೀ ಕೂತೇ ದುಡಿಯೋರು ಹೀಗಂದ್ರೆ ಇನ್ಯಾರಿಗೆ ಏನು ಹೇಳೋದು.

ಹುಡುಗನಿಗೆ ಏಳು ವರ್ಷ. ನಾನವನನ್ನ ದೊರೆ ಅಂತ ಕರೀತೀನಿ, ಯಾಕಂದ್ರೆ ಇಡೀ ಕ್ಲಾಸು ಬಗ್ಗಿ ಬರೀತಿದ್ರೂ ದೊರೆಗಳು ಪೆನ್ಸಿಲ್ ಮುಟ್ಟಲ್ಲ. ದಡ್ಡ ಅಂದ್ಕೊಂಡೀರಾ, ಅಲ್ಲ. ಮಗ್ಗಿ ತಲೆಕೆಳಗಾಗಿ ಹೇಳ್ತಾನೆ. ಶುರು ಮಾಡೋದೊಂದು ಬರಲ್ಲ ಅವನಿಗೆ. ಅವನ ಡೆಸ್ಕಿನ ಮೂಲೇಲಿ ನಾನು ಎರಡು ಬೆರಳಲ್ಲಿ ಟಕ್ ಟಕ್ ಅಂತ ತಟ್ಟಬೇಕು, ಆಗ ಬರೆಯೋಕೆ ಶುರು ಮಾಡ್ತಾನೆ. ಬೆಳಿಗ್ಗೆ ಅವರಮ್ಮ ಗಾರ್ಮೆಂಟ್ಸಿಗೆ ಹೋಗೋ ಅವಸರದಲ್ಲಿ ಬೇಗನೇ ಗೇಟಿನ ಹತ್ರ ಬಿಟ್ಟು ಹೋಗ್ತಾರೆ. ನಾನು ಬಂದು ಮಣಿಕಟ್ಟು ಹಿಡಿಯೋವರೆಗೂ ಅಲ್ಲೇ ನಿಂತಿರ್ತಾನೆ, ಗೇಟಿನ ಕಂಬದ ಪಕ್ಕ ಇನ್ನೊಂದು ಕಂಬ.

ಮೂರು ತಿಂಗಳಿಗೊಂದ್ಸಲ ಫೈಲ್ ಹಿಡ್ಕೊಂಡು ಒಬ್ರು ಬರ್ತಾರೆ, ಹುಡುಗ ಎಷ್ಟು ಸುಧಾರಿಸಿದಾನೆ ಅಂತ ನೋಡೋಕೆ. ನಾನವರಿಗೆ ಅಳೆಯೋ ಮೇಡಂ ಅಂತೀನಿ, ಮನಸ್ಸಲ್ಲಿ. ಈ ಕುರ್ಚಿ ಏರ್ಪಾಡು ಅವರದೇ. ನಮ್ಮ ಕ್ಲಾಸಿನ ನೆಲಕ್ಕೆ ಚೌಕದ ಕಲ್ಲು ಹಾಸಿದೆ. ದೊರೆಯ ಡೆಸ್ಕಿಂದ ಹಿಂದಿನ ಬಾಗಿಲಿಗೆ ಸರಿಯಾಗಿ ಹನ್ನೊಂದು ಕಲ್ಲು. ನನ್ನ ಕುರ್ಚಿ ಒಂದನೇ ಕಲ್ಲಿಂದ ಶುರುವಾಗಿ, ಅವನು ಒಗ್ಗಿದ ಹಾಗೆಲ್ಲ ಒಂದೊಂದೇ ಕಲ್ಲು ಹಿಂದೆ ಹೋಗಬೇಕು. ದೂರ ಆದ್ಮೇಲೆ ಡೆಸ್ಕ್ ತಟ್ಟೋಕಾಗಲ್ಲ, ಕುರ್ಚಿ ಕೈ ತಟ್ಟಿದ್ರೆ ಸಾಕು, ಆ ಗಲಾಟೇಲೂ ಅವನಿಗೆ ಕೇಳುತ್ತೆ. ವರ್ಷದ ಕೊನೆಗೆ ಹನ್ನೊಂದು ಮುಟ್ಟಿ ಆಚೆ ಹೋದ್ರೆ ಅವನು ಜೊತೆಯೋರ ಜೊತೆ ಮೂರನೇ ಕ್ಲಾಸಿಗೆ, ನಾನು ಮನೆಗೆ. ಮುಟ್ಟದಿದ್ರೆ ಅವನು ಇನ್ನೊಂದು ವರ್ಷ ಎರಡರಲ್ಲೇ, ನಾನೂ ನನ್ನ ಕುರ್ಚಿಯೂ ಅವನ ಜೊತೆಗೆ. "ಇನ್ನು ನೀವು ಬೇಡ ಅನ್ನೋ ಹಾಗೆ ಮಾಡೋದೇ ನಿಮ್ಮ ಕೆಲಸ" ಅಂದಿದ್ರು ಮೇಡಂ. ಇದನ್ನ ಕೇಳಿ ಭಾವ ಊಟ ನಿಲ್ಲಿಸಿ ನಕ್ಕರು. "ಕೂತ ಕೊಂಬೇನ ಕಡಿಯೋದು ಅಂದ್ರೆ ಇದೇ ನೋಡು. ಅದಕ್ಕೆ ಇವನೇ ಅರ್ಜಿ ಹಾಕಿ ಸೇರ್ಕೊಂಡಿದಾನೆ."

ದೊರೆಯ ಅಮ್ಮ ಮಾತ್ರ ನಗಲಿಲ್ಲ. ನಮ್ಮ ಸ್ಕೂಲಲ್ಲಿ ಮೂರನೇ ಕ್ಲಾಸಿಂದ ಕಾಲರ್ ಇರೋ ಅಂಗಿ. "ಹೊಲಿದಿಟ್ಟಿದೀನಪ್ಪಾ" ಅಂತ ಒಂದಿನ ಗೇಟಲ್ಲಿ ನನ್ನ ಹತ್ರ ಮೆಲ್ಲಗೆ ಹೇಳಿದ್ರು. "ಇನ್ನೂ ಗುಂಡಿ ಹಚ್ಚಿಲ್ಲ. ಹಚ್ಚಿದ್ರೆ ದೃಷ್ಟಿಯಾಗುತ್ತೇನೋ ಅಂತ ಭಯ."

ಎಂಟನೇ ಕಲ್ಲಿನವರೆಗೆ ಎಲ್ಲ ಸುಸೂತ್ರ. ಮೇಡಂ ಕೊನೇ ಸಲ ಬರೋ ವಾರ ಶುರುವಾಯ್ತು ನೋಡಿ, ಸೋಮವಾರ ಬಂದು ನೋಡಿದ್ರೆ ಕುರ್ಚಿ ಆರರಲ್ಲಿದೆ. ಗುಡಿಸೋ ಅಮ್ಮ ಸರಿಸಿರ್ತಾರೆ ಅಂತ ಎಂಟಕ್ಕೆ ಹಾಕಿದೆ, ನಾಲ್ಕು ಕಾಲಿಗೂ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಮಂಗಳವಾರ ಕುರ್ಚಿ ಆರರಲ್ಲಿ. ಅಷ್ಟೇ ಆಗಿದ್ರೆ ಸರಿ, ಸೀಮೆಸುಣ್ಣದ ಗುರುತೂ ಆರರಲ್ಲಿ! ಎಂಟನೇ ಕಲ್ಲು ತೊಳೆದ ಹಾಗೆ ಖಾಲಿ. ನನಗೆ ತಲೆಬುಡ ತಿಳೀಲಿಲ್ಲ. ಮತ್ತೆ ಎಂಟಕ್ಕೆ ಹಾಕಿ ಗುರುತು ಮಾಡಿದೆ, ಬುಧವಾರ ಬಂದ್ರೆ ಮತ್ತೆ ಆರರಲ್ಲೇ, ಮತ್ತೆ ಎಂಟಕ್ಕೆ ಹಾಕಿದೆ. ಗುಡಿಸೋ ಅಮ್ಮನ್ನ ಕೇಳಿದ್ರೆ, "ಬೀಗ ತೆಗೆದು ನೀರು ಹಿಡಿಯೋಕೆ ಹೋಗ್ತೀನಿ, ನಿನ್ನ ಕುರ್ಚಿ ತಗೊಂಡು ನನಗೇನಾಗಬೇಕು" ಅಂದ್ರು.

ಟೀಚರ್ ಕನ್ನಡಕದ ಮೇಲಿಂದ ನನ್ನೇ ನೋಡಿದ್ರು. ಮೂವತ್ತು ವರ್ಷ ಪಾಠ ಮಾಡಿದವರು, ಕೂಗಾಡೋರಲ್ಲ. "ಕುರ್ಚಿ ತಾನಾಗಿ ನಡಿಯಲ್ಲ. ಹುಡುಗ ಇಲ್ಲೇ ಉಳಿದ್ರೆ ಯಾರಿಗೆ ಲಾಭ ಅಂತ ನನಗೂ ಗೊತ್ತು. ಬೇಲಿನೇ ಎದ್ದು ಹೊಲ ಮೇಯಬಾರದಪ್ಪಾ."

"ನಾನಲ್ಲ ಟೀಚರ್."

"ನೀನು ಅಂತ ನಾನೆಲ್ಲಿ ಅಂದೆ?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ಹಾಗಾಯ್ತು ನನ್ನ ಕಥೆ. ಇನ್ನೂ ಕೆಟ್ಟದ್ದು ಏನು ಗೊತ್ತಾ, ನನಗೇ ನನ್ನ ಮೇಲೆ ಅನುಮಾನ ಹುಟ್ಟಿತು. ಈ ಕೆಲಸ ಹೋಗದಿದ್ರೆ ಸಾಕಪ್ಪ ಅಂತ ಮನಸ್ಸಲ್ಲಿ ಅಂದ್ಕೊಂಡಿದ್ದು ಸುಳ್ಳಲ್ಲ. ಸಂಜೆ ಹೊರಡೋವಾಗ ಕಾಲಲ್ಲಿ ಒಂಚೂರು ಮುಂದೆ ತಳ್ಳಿದ್ನಾ? ಮನೇಲಿ ಹೇಳಿದ್ರೆ ಅಕ್ಕ, "ಮನಸ್ಸಲ್ಲಿದ್ರೆ ಕೈ ತಾನಾಗೇ ಮಾಡಿರುತ್ತೆ ಕಣೋ, ನಾನು ನಿದ್ದೆಗಣ್ಣಲ್ಲೂ ಗ್ಯಾಸ್ ಆರಿಸ್ತೀನಲ್ಲ" ಅಂದ್ಳು. ಸಮಾಧಾನಕ್ಕೆ ಅಂತ ಹೇಳಿದ್ದು, ಪಾಪ. ನಾನು ಇನ್ನೂ ಗೊಂದಲಕ್ಕೆ ಬಿದ್ದೆ.

ಗುರುವಾರ ಭಾವನ ಮೊದಲ ಟ್ರಿಪ್ಪಿನ ಬಸ್ಸಲ್ಲೇ ಬಂದು ಹಿಂದಿನ ಕಿಟಕಿ ಹತ್ರ ನಿಂತೆ. ಗುಡಿಸೋ ಅಮ್ಮ ಬೀಗ ತೆಗೆದು ಬಕೆಟ್ ತಗೊಂಡು ಹೋದ್ರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ದೊರೆ.

ಒಬ್ಬನೇ. ಯಾರೂ ಮಣಿಕಟ್ಟು ಹಿಡಿದಿರಲಿಲ್ಲ. ಬ್ಯಾಗು ಇಳಿಸಿದ, ಕುರ್ಚಿ ಹತ್ರ ಹೋದ. ಎಳೆದ್ರೆ ಸದ್ದಾಗುತ್ತೆ ಅಂತ ಹೊಟ್ಟೆಗೆ ಆನಿಸ್ಕೊಂಡು ಎತ್ತಿದ, ಅವನಷ್ಟೇ ಎತ್ತರದ ಮರದ ಕುರ್ಚಿ. ಕಾಲಲ್ಲೇ ಕಲ್ಲು ಎಣಿಸ್ಕೊಂಡು ಬಂದು ಆರರಲ್ಲಿ ಇಟ್ಟ. ಹೆಬ್ಬೆರಳಿಗೆ ಎಂಜಲು ಹಚ್ಚಿ ಹಳೇ ಗುರುತು ಉಜ್ಜಿದ, ಅಂಗೀಲಿ ಒರೆಸಿದ. ಜೇಬಿಂದ ಚೂರು ಸೀಮೆಸುಣ್ಣ ತೆಗೆದು ಹೊಸ ಗುರುತು ಎಳೆದ, ನನಗಿಂತ ಚೆನ್ನಾಗಿ. ಆಮೇಲೆ ಬ್ಯಾಗು ಹಾಕ್ಕೊಂಡು ಗೇಟಿಗೆ ಹೋಗಿ ಕಂಬದ ಥರ ನಿಂತ.

ನನಗೆ ಮೊದಲು ಬಂದಿದ್ದು ಕೋಪ. ಒಂದು ವರ್ಷ ಟಕ್ ಟಕ್ ಅಂತ ತಟ್ಟಿ ಬೆರಳು ಸವೆಸಿದೀನಿ, ಈ ಚೋಟುದ್ದ ಹುಡುಗ ನನ್ನ ಕುಣಿಸ್ತಿದಾನಾ? ಆಮೇಲೆ ನಗು ಬಂತು. ಆಮೇಲೆ ಎರಡೂ ಹೋಗಿ ಏನೂ ತೋಚದ ಹಾಗಾಯ್ತು. ಶುರು ಮಾಡೋಕೆ ಬರಲ್ಲ ಅನ್ನೋ ಹುಡುಗ ಇಷ್ಟೆಲ್ಲ ತಾನಾಗೇ ಶುರು ಮಾಡಿ ಮುಗಿಸಿದ. ಅಂದ್ರೆ ನಾನು ಬೇಕಾಗಿಲ್ಲ. ಆದ್ರೆ ಮಾಡಿದ್ದು ನಾನು ಬೇಕು ಅಂತ. ಇದರಲ್ಲಿ ಯಾವುದನ್ನ ಹಿಡ್ಕೊಳ್ಳೋದು, ಯಾವುದನ್ನ ಬಿಡೋದು?

ಗೇಟಿಗೆ ಹೋಗಿ ಅವನೆದುರು ಕುಕ್ಕರುಗಾಲಲ್ಲಿ ಕೂತೆ. "ನೋಡ್ದೆ ಕಣೋ. ಯಾಕೆ ದೊರೆ?"

ಅವನು ನನ್ನ ಚಪ್ಪಲಿ ಕಡೆ ನೋಡಿದ.

"ಹನ್ನೊಂದಾದ್ಮೇಲೆ ಕಲ್ಲಿಲ್ಲ" ಅಂದ. "ನೀನೆಲ್ಲಿ ಕೂತ್ಕೊಳ್ತೀಯ ಅಣ್ಣ?"

ಇದೇ ಪ್ರಶ್ನೇನ ನಮ್ಮಮ್ಮ ಆರು ತಿಂಗಳಿಂದ ಕೇಳ್ತಿದಾರೆ. ಎದ್ದು ಮಣಿಕಟ್ಟು ಹಿಡ್ಕೊಂಡು ಒಳಗೆ ಕರ್ಕೊಂಡು ಬಂದೆ. ಆ ದಿನ ಆರರಲ್ಲೇ ಕೂತೆ, ನಾಚಿಕೆ ಬಿಟ್ಟು.

ಶುಕ್ರವಾರ ಅಳೆಯೋ ಮೇಡಂ ಬಂದ್ರು. ಟೀಚರ್ ಬೋರ್ಡ್ ಮೇಲೆ ಹತ್ತು ಲೆಕ್ಕ ಬರೆದ್ರು. ಮೇಡಂ ಬಗ್ಗಿ ಗುರುತು ನೋಡಿದ್ರು. "ಆರು. ಹೋದ ಸಲಕ್ಕಿಂತ ಒಂದೇ ಕಲ್ಲು ಜಾಸ್ತಿ. ಇನ್ನೊಂದು ವರ್ಷ ಇರಲಿ ಅನ್ಸುತ್ತೆ" ಅಂತ ಪೆನ್ನಿನ ಮುಚ್ಚಳ ತೆಗೆದ್ರು. ಟೀಚರ್ ನನ್ನ ಕಡೆ ನೋಡಲಿಲ್ಲ. ನಾನು ಸುಮ್ಮನಿದ್ರೆ ಸಾಕಿತ್ತು. ಒಂದೇ ಒಂದು ಮಾತಾಡದೆ ಇನ್ನೊಂದು ವರ್ಷ ಸಿಗ್ತಿತ್ತು. ಯಾಕೋ ಆ ಗುಂಡಿ ಇಲ್ಲದ ಅಂಗಿ ಕಣ್ಣ ಮುಂದೆ ಬಂತು.

"ಮೇಡಂ, ಆ ಗುರುತು ಯಾರು ಹಾಕಿದ್ದು ಅಂತ ಕೇಳಿ" ಅಂದೆ. ನನ್ನ ದನಿ ನನಗೇ ಬೇರೆಯವರ ದನಿ ಹಾಗೆ ಕೇಳಿಸ್ತು. ನೋಡಿದ್ದನ್ನೆಲ್ಲ ಹೇಳಿಬಿಟ್ಟೆ, ಎಂಜಲು ಹೆಬ್ಬೆರಳು ಸಮೇತ. ಮೂವತ್ತೆಂಟು ಮಕ್ಕಳು ತಿರುಗಿ ದೊರೆಯನ್ನ ನೋಡಿದ್ವು. ಅವನು ಮಾತ್ರ ನನ್ನ ನೋಡಿದ. ಆ ಥರ ನನ್ನ ಯಾರೂ ನೋಡಿಲ್ಲ. ಗುಟ್ಟು ಅವನದು, ಬೀದಿಗೆ ತಂದವನು ನಾನು.

ಕುರ್ಚಿ ಎತ್ಕೊಂಡೆ. ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು. ಹೊಸ್ತಿಲು ದಾಟಿ ಕಾರಿಡಾರಲ್ಲಿ ಇಟ್ಟು ನಿಂತೆ. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸ್ಕೊಂಡೆ, ಎಲ್ಲಿ ತಾವಾಗೇ ತಟ್ಟಿಬಿಡ್ತಾವೋ ಅಂತ.

ಮಕ್ಕಳೆಲ್ಲ ಬರೆಯೋಕೆ ಶುರು ಮಾಡಿದ್ವು. ದೊರೆ ಅಲ್ಲಾಡಲಿಲ್ಲ. ಮೇಡಂ ಗಡಿಯಾರ ನೋಡಿದ್ರು. ಒಂದು ನಿಮಿಷ, ಎರಡು ನಿಮಿಷ. ತಪ್ಪು ಮಾಡಿದೆ, ಅವನದೂ ಹಾಳು, ನನ್ನದೂ ಹಾಳು ಅಂದ್ಕೊಂಡೆ. ಆಗ ಅವನ ಬಲಗೈ ಮೇಲೆ ಬಂತು. ಡೆಸ್ಕಿನ ಮೂಲೇಲಿ ಎರಡು ಬೆರಳಲ್ಲಿ, ಟಕ್ ಟಕ್. ತಾನೇ ತಟ್ಟಿಕೊಂಡ. ಪೆನ್ಸಿಲ್ ತಗೊಂಡು ಹತ್ತೂ ಲೆಕ್ಕ ಮಾಡಿದ, ಕೋಪಕ್ಕೆ ಎರಡು ಸಲ ಮೊನೆ ಮುರೀತು. ಮೇಡಂ ಮೂರನೇ ಕ್ಲಾಸು ಅಂತ ಬರೆದ್ರು.

ಟೀಚರ್ ಹೊರಗೆ ಬಂದು ನನ್ನ ಭುಜ ಮುಟ್ಟಿದ್ರು. "ತಪ್ಪು ತಿಳ್ಕೊಂಡಿದ್ದೆ ಕಣಪ್ಪಾ." ಪರವಾಗಿಲ್ಲ ಟೀಚರ್ ಅಂದೆ. ಅವರು ತಿಳ್ಕೊಂಡಿದ್ದು ಪೂರ್ತಿ ತಪ್ಪಾಗಿರಲಿಲ್ಲ ಅಂತ ನನಗೊಬ್ಬನಿಗೇ ಗೊತ್ತು.

ಸೋಮವಾರ ನನ್ನ ಕೊನೇ ದಿನ, ಆಫೀಸಲ್ಲಿ ಒಂದು ಸಹಿ ಹಾಕೋದಿತ್ತು. ಗೇಟಲ್ಲಿ ಅಭ್ಯಾಸಕ್ಕೆ ಕೈ ಚಾಚಿದೆ. ದೊರೆ ನನ್ನ ದಾಟಿ ನಡ್ಕೊಂಡು ಹೋದ, ಒಬ್ಬನೇ, ತಿರುಗಿ ನೋಡದೆ. ಇದಕ್ಕೇ ಅಲ್ವಾ ನಾನು ಒಂದು ವರ್ಷ ಒದ್ದಾಡಿದ್ದು? ಚಾಚಿದ ಕೈನ ಜೇಬಿಗೆ ಹಾಕ್ಕೊಂಡೆ.

ಸಹಿ ಹಾಕಿ ಹೋಗೋ ಮುಂಚೆ ಹಿಂದಿನ ಬಾಗಿಲಿಗೆ ಬಂದೆ. ಅವನು ಬರೀತಿದ್ದ. ಯಾವಾಗ್ಲೂ ಬೆಂಚಿನ ಮಧ್ಯ ಕೂರೋನು ಇವತ್ತು ಒಂದು ತುದಿಗೆ ಒತ್ತಿ ಕೂತಿದ್ದ. ಉಳಿದ ಜಾಗದಲ್ಲಿ ಬೆಂಚಿನ ಮೇಲೆ ಸೀಮೆಸುಣ್ಣದ ನಾಲ್ಕು ಗುರುತು, ದೊಡ್ಡವರು ಕೂರೋವಷ್ಟು ಅಗಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಅಲ್ಲಿ ಕೂರೋಕೆ ಬಂದ್ಳು. ಅವನು ತಲೆ ಎತ್ತದೆ ಬ್ಯಾಗು ಎಳೆದು ಆ ಜಾಗದ ಮೇಲಿಟ್ಟ.

ಒಳಗೆ ಕಾಲಿಟ್ಟು ಕೂತ್ರೆ ಮತ್ತೆ ಒಂದನೇ ಕಲ್ಲಿಂದ ಶುರು. ಬೆಲ್ ಹೊಡೆಯೋವರೆಗೂ ಹನ್ನೊಂದನೇ ಕಲ್ಲಿನ ಮೇಲೇ ನಿಂತಿದ್ದೆ. ಅವನು ಬ್ಯಾಗು ತೆಗೀಲಿಲ್ಲ.